ಹಳೆಯ ಕೇಪಿನ ಕೋವಿಗೆ ನ್ಯಾಯವಾದ ಬೆಲೆ ಎಷ್ಟು?

ಸದಸ್ಯ ಬಾಂಧವರು ನಮ್ಮನ್ನು ಸಾಮಾನ್ಯವಾಗಿ ಕೇಳುವುದು ಅಡಿಕೆ ಧಾರಣೆಯ ವಿಚಾರ, ಇಲ್ಲವೆ ಕೊಳೆರೋಗದ ವಿಚಾರ. ಈಚೆಗೆ ಕೆಲವರು ಬೇರೆಯೇ ಒಂದು ಪ್ರಶ್ನೆ ಹೊತ್ತು ಬರುತ್ತಿದ್ದಾರೆ. "ಪಕ್ಕದ ಊರಿನಲ್ಲಿ ಒಂದು ಹಳೆಯ ಕೋವಿ ಇದೆ. ಇಷ್ಟು ಹೇಳುತ್ತಾರೆ. ಕೊಡಬಹುದೆ?" ಹೀಗೆ ಕೇಳಿದವರಲ್ಲಿ ಒಬ್ಬರು ನ್ಯಾಮತಿ ಕಡೆಯವರು. ಮೆಕ್ಕೆಜೋಳದ ಹೊಲ, ಅದರ ಪಕ್ಕದಲ್ಲೇ ಹೊಸದಾಗಿ ಕಟ್ಟಿದ ಅಡಿಕೆ ತೋಟ, ಎರಡಕ್ಕೂ ಹಂದಿಯ ಕಾಟ. ಬೆಳೆ ರಕ್ಷಣೆಗೆಂದು ಜಿಲ್ಲಾಧಿಕಾರಿಗಳ ಕಚೇರಿಯಿಂದ ಲೈಸೆನ್ಸ್ ಪಡೆದಿದ್ದಾರೆ, ಕೋವಿ ಇನ್ನೂ ಕೊಂಡಿಲ್ಲ. ಇನ್ನೊಬ್ಬರು ಜಗಳೂರು ತಾಲ್ಲೂಕಿನ ತಾಯಿ. ಯಜಮಾನರು ತೀರಿಕೊಂಡ ಮೇಲೆ ಅವರ ಕೋವಿಯನ್ನು ನಿಯಮದಂತೆ ಠೇವಣಿ ಇಟ್ಟಿದ್ದಾರೆ. ಅದನ್ನು ಮಾರಬೇಕು. ನೋಡಲು ಬಂದವನೊಬ್ಬ "ಗುಜರಿ ಕಬ್ಬಿಣ, ತೂಕಕ್ಕೆ ಹಾಕಿ ಕೊಡಿ" ಎಂದನಂತೆ. ಒಬ್ಬರಿಗೆ ಹೆಚ್ಚು ಕೊಟ್ಟು ಮೋಸ ಹೋಗುವ ಭಯ, ಇನ್ನೊಬ್ಬರಿಗೆ ಕಡಿಮೆಗೆ ಕಳೆದುಕೊಳ್ಳುವ ಭಯ. ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ಗೊಂದಲ ತಿಳಿಯಾಗಲಿ. ಬಯಲು ಸೀಮೆಯವರು ಬಂದೂಕು ಎನ್ನುತ್ತಾರೆ, ಮಲೆನಾಡಿನ ಅಂಚಿನವರು ಕೋವಿ ಎನ್ನುತ್ತಾರೆ. ಮಾರುವವರು ಮಾತ್ರ ಎಲ್ಲ ಕಡೆಯೂ "ರೈಫಲ್" ಎನ್ನುತ್ತಾರೆ. ಆ ಶಬ್ದಕ್ಕೆ ಬೆಲೆ ಹೆಚ್ಚು. ನಳಿಗೆಯ ಒಳಗೋಡೆಯಲ್ಲಿ ತಿರುಪಿನಂತೆ ಸುತ್ತುವ ಗಾಡಿಗಳಿದ್ದರೆ ಅದು ರೈಫಲ್. ನಮ್ಮ ಕಡೆ ಬಾಯಿಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಕೋವಿಗಳ ನಳಿಗೆ ಒಳಗೆ ನುಣುಪು. ಬೆರಳನ್ನು ಬಾಯಿಯೊಳಗೆ ಸ್ವಲ್ಪ ತೂರಿಸಿದರೆ ಗೊತ್ತಾಗುತ್ತದೆ. ಕಾಯಿದೆಯಲ್ಲಿಯೂ ಈ ಭೇದ ಮುಖ್ಯ. 1959ರ ಆಯುಧ ಕಾಯಿದೆಯ 13ನೆಯ ಕಲಮಿನಲ್ಲಿ ನಿಜವಾದ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಮದ್ದಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಅನುಮತಿ ಕೊಡಬಹುದು. ನಿಮ್ಮ ಲೈಸೆನ್ಸಿನಲ್ಲಿ ಬಾಯಿಮದ್ದಿನ ಕೋವಿ ಎಂದಿದ್ದು, ನೀವು ಗಾಡಿ ಇರುವ ನಳಿಗೆಗೆ ಹಣ ಕೊಟ್ಟರೆ ಅದನ್ನು ಮನೆಗೆ ತರುವ ಹಾಗಿಲ್ಲ.

ಎರಡನೆಯದು ವಯಸ್ಸಿನ ಮಾತು. ಚನ್ನಗಿರಿ ಕಡೆ ಒಂದು ಕೋವಿ ನೋಡಲು ಹೋದಾಗ ಮನೆಯವರು ಅದು ಕೆಳದಿ ಚೆನ್ನಮ್ಮಾಜಿಯ ಕಾಲದ್ದೆಂದು ಬಹಳ ಅಭಿಮಾನದಿಂದ ಹೇಳಿದರು. ಚೆನ್ನಮ್ಮಾಜಿ ಆಳಿದ್ದು 1697ರವರೆಗೆ. ಕೇಪು ಒಡೆದು ಕಿಡಿ ಹಾರಿಸುವ ತತ್ತ್ವಕ್ಕೆ ಸ್ಕಾಟ್‌ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್ ಹಕ್ಕುಪತ್ರ ಪಡೆದದ್ದು 1807ರಲ್ಲಿ, ತಾಮ್ರದ ಕೇಪು ಬಳಕೆಗೆ ಬಂದದ್ದು ಅದಕ್ಕೂ ಈಚೆಗೆ, 1820ರ ಸುಮಾರಿನಲ್ಲಿ. ಹಳೆಯ ಚಕಮಕಿ ಕೋವಿಯನ್ನು ಆಮೇಲೆ ಕೇಪಿನ ಕೋವಿಯಾಗಿ ಮಾರ್ಪಡಿಸಿದ್ದುಂಟು, ಆದರೆ ನಾವು ನೋಡಿದ್ದರಲ್ಲಿ ಅಂಥ ಗುರುತೇನೂ ಇರಲಿಲ್ಲ. ನಮ್ಮ ಮನೆಗಳಲ್ಲಿರುವ ಬಹುಪಾಲು ಕೋವಿಗಳು ಅಜ್ಜ, ಮುತ್ತಜ್ಜಂದಿರ ಕಾಲದವು, ಅಷ್ಟೆ. ಅಲ್ಲದೆ ಹೊಲ ಕಾಯುವವನಿಗೆ ವಯಸ್ಸು ಗುಣವಲ್ಲ, ದೋಷ. ವಸ್ತುಸಂಗ್ರಹಾಲಯಕ್ಕೆ ಬೆಲೆ ಕಟ್ಟುವ ಕ್ರಮವೇ ಬೇರೆ. ಅದು ಇಲ್ಲಿ ಬೇಡ.

ಮೂರನೆಯದು ಲೈಸೆನ್ಸ್. "ಲೈಸೆನ್ಸ್ ಸಮೇತ ಕೊಡುತ್ತೇವೆ" ಎಂದು ಬೆಲೆ ಏರಿಸುವವರಿದ್ದಾರೆ. ಲೈಸೆನ್ಸ್ ಕೊಟ್ಟಿರುವುದು ಆ ವ್ಯಕ್ತಿಗೆ, ಕೋವಿಗಲ್ಲ. ಅದು ಜಮೀನಿನ ಪಹಣಿಯಂತೆ ಖಾತೆ ಬದಲಾಗಿ ನಿಮ್ಮ ಹೆಸರಿಗೆ ಬರುವುದಿಲ್ಲ. ಮನೆತನದೊಳಗೆ ವಾರಸುದಾರರು ಪಡೆಯಲು 2016ರ ಆಯುಧ ನಿಯಮಗಳಲ್ಲಿ ದಾರಿ ಇದೆ. ಲೈಸೆನ್ಸುದಾರರು ತೀರಿಕೊಂಡ ಮೇಲೆ, ಅಥವಾ ಅವರಿಗೆ 70 ವರ್ಷ ತುಂಬಿದಾಗ, ಇಲ್ಲವೆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದಾಗ ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬಹುದು. ಅದೂ ಅರ್ಜಿಯೇ, ಹಕ್ಕಿನ ವರ್ಗಾವಣೆಯಲ್ಲ. ಹೊರಗಿನವರಿಗೆ ಅದೂ ಇಲ್ಲ. ಆದ್ದರಿಂದ ಕೇಳುವ ಬೆಲೆಯಲ್ಲಿ ಲೈಸೆನ್ಸಿಗೆಂದು ಎಷ್ಟು, ಅಜ್ಜನ ಹೆಸರಿಗೆಂದು ಎಷ್ಟು ಎಂದು ಮನಸ್ಸಿನಲ್ಲೇ ಕಳೆದುಬಿಡಿ. ಉಳಿಯುವುದು ಕಬ್ಬಿಣ ಮತ್ತು ಮರ. ಬೆಲೆ ಅದಕ್ಕೆ.

ಆ ಕಬ್ಬಿಣವನ್ನು ಪರೀಕ್ಷಿಸುವ ಕ್ರಮಕ್ಕೆ ಬರೋಣ. ಎಲ್ಲಕ್ಕೂ ಮೊದಲು ಕೋವಿ ತುಂಬಿದೆಯೇ ಎಂದು ನೋಡತಕ್ಕದ್ದು. ಕೇಪು ಇಲ್ಲ ಎಂದ ಮಾತ್ರಕ್ಕೆ ಖಾಲಿ ಎಂದಲ್ಲ. ಯಾವುದೋ ಸುಗ್ಗಿಯಲ್ಲಿ ತುಂಬಿ, ಹೊಡೆಯದೆ, ಅಟ್ಟದ ಮೇಲೆ ಇಟ್ಟ ಕೋವಿಗಳು ಹತ್ತು ವರ್ಷ ಹಾಗೆಯೇ ಇರುತ್ತವೆ. ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ನಿಮ್ಮ ಮುಖವನ್ನೂ ಬಾಯಿಗೆ ಅಡ್ಡ ತರದೆ, ಗಜವನ್ನು ಮೆಲ್ಲಗೆ ಒಳಗೆ ಬಿಡಿ. ಅದು ತಳ ಮುಟ್ಟಿದಾಗ ಬಾಯಿಯ ಮಟ್ಟದಲ್ಲಿ ಉಗುರಿನಿಂದ ಗುರುತು ಹಿಡಿಯಿರಿ. ಗಜವನ್ನು ಹೊರತೆಗೆದು ನಳಿಗೆಯ ಪಕ್ಕದಲ್ಲಿಟ್ಟು, ಆ ಗುರುತನ್ನು ಬಾಯಿಗೆ ಸರಿಹೊಂದಿಸಿ ನೋಡಿ. ಗಜದ ತುದಿ ಕೇಪು ಕೂರಿಸುವ ತೊಟ್ಟಿನ ಹತ್ತಿರಕ್ಕೆ ಬಂದರೆ ಖಾಲಿ. ಎರಡು, ಮೂರು ಬೆರಳಿನಷ್ಟು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಅಂಥ ಕೋವಿಯನ್ನು ಕೆಳಗಿಟ್ಟು, ಮಾಲೀಕರೇ ತಿಳಿದವರಿಂದ ಖಾಲಿ ಮಾಡಿಸುವವರೆಗೆ ಮಾತು ಮುಂದುವರಿಸಬೇಡಿ.

ಕೋವಿಯ ಜೀವ ನಳಿಗೆಯಲ್ಲಿದೆ, ನಳಿಗೆಯ ಜೀವ ಅದರ ಬುಡದಲ್ಲಿದೆ. ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ತುಕ್ಕು ಅಲ್ಲಿಂದ ಶುರು. ಮದ್ದು ಸ್ಫೋಟಿಸುವುದೂ ಆ ಬುಡದಲ್ಲೇ, ಒತ್ತಡ ಅತಿ ಹೆಚ್ಚಿರುವುದೂ ಅಲ್ಲೇ, ಹೊಡೆಯುವವನ ಕಣ್ಣು ಮತ್ತು ಕೈ ಇರುವುದೂ ಅದರ ಹತ್ತಿರದಲ್ಲೇ. ಆದರೆ ಮಾರುವವರು ಉಜ್ಜಿ ಹೊಳಪು ಮಾಡಿ ತೋರಿಸುವುದು ಹೊರಮೈಯನ್ನು. ಅಡಿಕೆಯನ್ನು ಮೇಲಿನ ಬಣ್ಣ ನೋಡಿ ಕೊಂಡವನ ಗತಿ ನಮಗೆ ಗೊತ್ತೇ ಇದೆ. ಕೊಯ್ದು ಒಳಗು ನೋಡಿದವನೇ ಬೆಲೆ ಬಲ್ಲವನು. ಇಲ್ಲಿ ಕೊಯ್ಯುವಂತಿಲ್ಲ, ಬುಡ ಮುಚ್ಚಿರುವುದರಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ಹಾಯಿಸುವಂತೆಯೂ ಇಲ್ಲ. ಖಾಲಿ ಎಂದು ಖಚಿತವಾದ ಮೇಲೆ ಗಜದ ತುದಿಗೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ಹಾಯಿಸಿ, ತಿರುಗಿಸಿ, ಹೊರತೆಗೆಯಿರಿ. ಸ್ವಲ್ಪ ಕಂದು ಬಣ್ಣ ಬಂದರೆ ಚಿಂತೆಯಿಲ್ಲ. ಹಪ್ಪಳದಂತೆ ಚಕ್ಕೆ ಬಂದರೆ, ಅಥವಾ ಬುಡದ ಹತ್ತಿರ ಬಟ್ಟೆ ಸಿಕ್ಕಿಕೊಂಡು ಗರಗರ ಎಂದರೆ, ಅಲ್ಲಿ ಗುಳಿ ಬಿದ್ದಿದೆ. ದಾರಕ್ಕೆ ಕಟ್ಟಿದ ಸಣ್ಣ ದೀಪವನ್ನು ಒಳಗಿಳಿಸಿ ನೋಡುವುದೂ ಒಳ್ಳೆಯದು. ಈಗ ಅಂಥವು ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ.

ಹೊರಗಡೆ ನಳಿಗೆಯ ಉದ್ದಕ್ಕೂ ನೇರವಾದ ಪಟ್ಟಿಯೊಂದನ್ನು ಇಟ್ಟು ಕಣ್ಣಳತೆಯಲ್ಲಿ ನೋಡಿರಿ. ಎಲ್ಲಾದರೂ ಉಂಗುರದಂತೆ ಉಬ್ಬಿದ್ದರೆ, ಹಿಂದೆ ಯಾರೋ ಗುಂಡನ್ನು ಪೂರ್ತಿ ಜಡಿಯದೆ ನಡುವೆ ಬಿಟ್ಟು, ಇಲ್ಲವೆ ಬಾಯಲ್ಲಿ ಮಣ್ಣು ತುಂಬಿರುವಾಗಲೇ ಹೊಡೆದಿದ್ದಾರೆ ಎಂದು ತಿಳಿಯಬಹುದು. ಬುಡದ ಬಿರಡೆಯ ಸುತ್ತ ಬೆಸುಗೆಯ ಗುರುತು ಕಂಡರೆ ನಮ್ಮ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ಬೆಸುಗೆ ಇಲ್ಲದಿದ್ದರೂ ಅನುಮಾನವಿದ್ದರೆ ನಳಿಗೆಯನ್ನು ಮರದಿಂದ ಬಿಡಿಸಿ, ನಿಲ್ಲಿಸಿ, ತೊಟ್ಟನ್ನು ಬಿಗಿಯಾಗಿ ಮುಚ್ಚಿ, ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಡಬಹುದು. ಬೆಳಿಗ್ಗೆ ಬಿರಡೆಯ ಸುತ್ತ ಒದ್ದೆಯಾಗಿದ್ದರೆ ತಿರುಪು ಸವೆದಿದೆ.

ತೊಟ್ಟಿನ ವಿಚಾರದಲ್ಲಿ ನಮ್ಮಲ್ಲೇ ಒಬ್ಬರಿಗೆ ಆದ ಅನುಭವ ಹೇಳುತ್ತೇವೆ. ಬಹಳ ವರ್ಷಗಳ ಹಿಂದೆ ಅವರು ಹಿತ್ತಾಳೆಯ ಕಟ್ಟು, ಮರದ ಮೇಲೆ ಕೆತ್ತನೆ ಎಲ್ಲ ಇರುವ ಕೋವಿಯೊಂದನ್ನು ಕೊಂಡರು. ನಳಿಗೆ ಕೂಡ ಚೆನ್ನಾಗಿಯೇ ಇತ್ತು. ತೊಟ್ಟಿನ ತಿರುಪು ಸಡಿಲವಾಗಿದ್ದುದನ್ನು ಹಿಂದಿನವರು ನೂಲು ಸುತ್ತಿ ಬಿಗಿ ಮಾಡಿದ್ದರು. ಮೂರನೆಯ ಈಡಿಗೆ ತೊಟ್ಟು ಕಿತ್ತು ಹಾರಿ ಅವರ ಹುಬ್ಬಿನ ಮೇಲೆ ಗೀರಿ ಹೋಯಿತು. ಇನ್ನೊಂದು ಬೆರಳಿನಷ್ಟು ಕೆಳಗಾಗಿದ್ದರೆ ಕಣ್ಣು ಹೋಗುತ್ತಿತ್ತು. ಗುರುತು ಇಂದಿಗೂ ಇದೆ. ಹೊಸ ತೊಟ್ಟಿನ ಖರ್ಚು ಇಡೀ ಕೋವಿಯ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ತೊಟ್ಟು ಕೂರುವ ತಿರುಪೇ ಹಾಳಾಗಿದ್ದರೆ ಅದು ದೊಡ್ಡ ಕೆಲಸ. ಆದ್ದರಿಂದ ತೊಟ್ಟನ್ನು ಬಿಚ್ಚಿಸಿ, ಮತ್ತೆ ಹಾಕಿಸಿ ನೋಡದೆ ಬೆಲೆ ಹೇಳಬೇಡಿ.

ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ, ಹೆಬ್ಬೆರಳಿನಿಂದ ಹಿಡಿದುಕೊಂಡೇ ಬಿಲ್ಲನ್ನು ಒತ್ತಿ ನೋಡಿ. ಬೀಳಬಾರದು. ಪೂರ್ತಿ ಎಳೆದಾಗ ಹಿಂದಿನಿಂದ ದೂಡಿದರೂ ಬೀಳಬಾರದು. ಬರೀ ತೊಟ್ಟಿನ ಮೇಲೆ ಟಕಟಕ ಬಡಿದು ನೋಡುವ ಚಟ ಕೆಲವರಿಗಿದೆ. ತೊಟ್ಟಿನ ತಲೆ ಚಪ್ಪಟೆಯಾಗುವುದು ಅದರಿಂದಲೇ. ಮರದಲ್ಲಿ ನೋಡಬೇಕಾದದ್ದು ಕೈ ಹಿಡಿಯುವ ಸಣ್ಣ ಕುತ್ತಿಗೆಯ ಭಾಗ. ಅಲ್ಲಿ ತಂತಿ ಸುತ್ತಿದ್ದರೆ ಅಲಂಕಾರವೆಂದು ನಂಬದೆ ಕೆಳಗೆ ಸೀಳು ಇದೆಯೇ ಎಂದು ಕೇಳಿ. ಉಳಿದ ಗೀರು, ಕಲೆಗಳು ಲೆಕ್ಕಕ್ಕಿಲ್ಲ.

"ಬೇಕಾದರೆ ಒಂದು ಈಡು ಹೊಡೆದು ತೋರಿಸುತ್ತೇವೆ" ಎಂಬುದನ್ನು ಪರೀಕ್ಷೆ ಎಂದು ಭಾವಿಸಬೇಡಿ. ಇಂದು ತಡೆದ ನಳಿಗೆ ಹತ್ತನೆಯ ಸಲ ತಡೆಯುತ್ತದೆ ಎಂಬ ಖಾತರಿ ಅದರಲ್ಲಿಲ್ಲ. ಇನ್ನೊಂದು ಮಾತು: ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಠಾಣೆಯಲ್ಲಿ ಇಡಬೇಕಾದ ಪ್ರಸಂಗ ಬರುತ್ತದೆ. ಎಣ್ಣೆ ಹಚ್ಚದೆ ಕೊಟ್ಟು, ತಿಂಗಳುಗಟ್ಟಲೆ ಬಿಟ್ಟು, ತಂದು ಹಾಗೆಯೇ ಮೂಲೆಗಿಟ್ಟ ಕೋವಿಗಳೇ ಹೆಚ್ಚು ಹಾಳಾಗಿರುವುದನ್ನು ಕಂಡಿದ್ದೇವೆ. ಮಾಲೀಕರಿಗೆ ತೊಳೆಯುವ, ಎಣ್ಣೆ ಹಾಕುವ ಅಭ್ಯಾಸ ಇತ್ತೇ ಎಂದು ವಿಚಾರಿಸುವುದು ಒಳ್ಳೆಯದು. ಅವರ ಮನೆಯ ದೋಟಿ, ಕತ್ತಿ, ಸ್ಪ್ರೇಯರ್ ಹೇಗಿವೆ ಎಂದು ನೋಡಿದರೂ ಸಾಕು.

ನಂಬರಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕಾಯಿದೆಯ 8ನೆಯ ಕಲಮಿನ ಪ್ರಕಾರ ತಯಾರಕರ ಹೆಸರು, ನಂಬರು ಅಥವಾ ಬೇರೆ ಗುರುತಿಲ್ಲದ ಕೋವಿಯನ್ನು ಮಾರುವಂತಿಲ್ಲ, ಗುರುತನ್ನು ಅಳಿಸುವುದೂ ಅಪರಾಧ. ಹೊನ್ನಾಳಿ ಕಡೆ ಒಬ್ಬರು ಒಳ್ಳೆಯ ಬೆಲೆ ಬರಲೆಂದು ನಳಿಗೆಯನ್ನು ಯಂತ್ರಕ್ಕೆ ಕೊಟ್ಟು ಉಜ್ಜಿಸಿದರು. ಕನ್ನಡಿಯಂತೆ ಹೊಳೆಯಿತು, ನಂಬರಿನ ಕೊನೆಯ ಎರಡು ಅಂಕಿ ಹೋದವು. ಅದನ್ನು ಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ, ಅವರು ಕಚೇರಿಗೆ ವಿವರಣೆ ಕೊಡುತ್ತ ಓಡಾಡಬೇಕಾಯಿತು. ನಳಿಗೆಯ ಮೇಲಿನ ನಂಬರು ಮತ್ತು ಲೈಸೆನ್ಸಿನಲ್ಲಿರುವ ನಂಬರು ಒಂದೊಂದು ಅಂಕಿಯೂ ಹೊಂದಬೇಕು. ಲೈಸೆನ್ಸಿಗೆ ಯುಐಎನ್ ಸಂಖ್ಯೆ ಬಂದಿರಬೇಕು. ನಳಿಗೆಯನ್ನು ಅಳತೆ ಮಾಡುವುದನ್ನೂ ಮರೆಯಬೇಡಿ. ಬಾಯಿ ಸೀಳಿದ ಕೋವಿಯನ್ನು ಕೊಯ್ದು ಗಿಡ್ಡ ಮಾಡಿದ್ದರೆ ಅದು 6ನೆಯ ಕಲಮಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಲೆಕ್ಕ. ಹಳೆಯ ಕೋವಿಗೆ ಅಡಿಕೆಯಂತೆ ದಿನದ ಧಾರಣೆ ಇಲ್ಲ. ಇರುವ ಒಂದೇ ಆಧಾರವೆಂದರೆ ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಅದೇ ಮಾದರಿಯ ಹೊಸ ಕೋವಿಯ ಬಿಲ್ಲಿನ ಬೆಲೆ. ಒಂಟಿ ನಳಿಗೆಗೆ ಒಂಟಿ ನಳಿಗೆಯದು, ಜೋಡಿಗೆ ಜೋಡಿಯದು. ಮೊದಲು ಅದನ್ನು ವಿಚಾರಿಸಿಕೊಳ್ಳಿ. ಅದನ್ನು ನೂರು ಎಂದು ಇಟ್ಟುಕೊಂಡರೆ ನಾವು ಐವತ್ತನ್ನು ನಳಿಗೆಗೆ, ಇಪ್ಪತ್ತೈದನ್ನು ಕುದುರೆ, ಬಿಲ್ಲುಗಳ ಕೀಲಿಗೆ, ಹದಿನೈದನ್ನು ಮರಕ್ಕೆ, ಹತ್ತನ್ನು ಗಜ, ತೊಟ್ಟು ಮುಂತಾದವಕ್ಕೆ ಹಂಚುತ್ತೇವೆ. ಇದು ಸರಕಾರದ ಲೆಕ್ಕವಲ್ಲ, ನಮ್ಮ ರೂಢಿ. ಎಲ್ಲವೂ ಸರಿಯಿದ್ದು ಕಾಗದ ಪತ್ರ ಶುದ್ಧವಾಗಿರುವ ಹಳೆಯ ಕೋವಿಗೂ ಅರವತ್ತೈದು, ಎಪ್ಪತ್ತಕ್ಕಿಂತ ಹೆಚ್ಚು ಕೊಡಬಾರದೆಂದು ನಮ್ಮ ಅಭಿಪ್ರಾಯ. ಕರಿಮದ್ದು ಸುಟ್ಟ ನಳಿಗೆ ಎಷ್ಟು ಶುಭ್ರವಾಗಿ ಕಂಡರೂ ಒಂದಿಷ್ಟು ಸವೆದೇ ಇರುತ್ತದೆ. ಬಾಯಿಯ ಕಡೆ ಮಾತ್ರ ಅಲ್ಲಲ್ಲಿ ಗುಳಿ ಇದ್ದರೆ ನಳಿಗೆಯ ಪಾಲಿನಲ್ಲಿ ಅರ್ಧ ಕಳೆಯಿರಿ. ಕೀಲು, ಮರಗಳ ದೋಷಕ್ಕೆ ರಿಪೇರಿಯ ಅಂದಾಜನ್ನೇ ಕಳೆಯಿರಿ. ಆ ಅಂದಾಜನ್ನು ಲೈಸೆನ್ಸ್ ಇರುವ ರಿಪೇರಿದಾರರಿಂದಲೇ ಕೇಳಬೇಕು, ಊರಿನ ಕಮ್ಮಾರ ಎಷ್ಟೇ ಕೈಚಳಕದವನಾದರೂ ಕೋವಿ ರಿಪೇರಿಗೆ ಅವನಿಗೂ ಕಾಯಿದೆಯ ಅನುಮತಿ ಬೇಕು. ಬುಡದಲ್ಲಿ ಗುಳಿ, ಉಬ್ಬು ಅಥವಾ ಬೆಸುಗೆ ಇದ್ದರೆ ಮಾತ್ರ ಈ ಕಳೆಯುವ ಲೆಕ್ಕವೇ ಇಲ್ಲ. ಅದಕ್ಕೆ ಕೋವಿಯೆಂಬ ಬೆಲೆ ಸೊನ್ನೆ. ಉಳಿದ ಐವತ್ತು ಚೆನ್ನಾಗಿದೆಯಲ್ಲ ಎಂದು ಅರ್ಧ ಬೆಲೆಗೆ ಕೊಳ್ಳುವವರು ಅರ್ಧ ಬೆಲೆಗೆ ಅಪಾಯವನ್ನು ಕೊಂಡಂತೆ.

ಹಣ ಕೊಡುವ ಕ್ರಮವೂ ಬೆಲೆಯಷ್ಟೇ ಮುಖ್ಯ. ಸ್ಟಾಂಪ್ ಕಾಗದದಲ್ಲಿ ಬರೆಸಿಕೊಂಡು ಅಂದೇ ಕೋವಿ ಹೊತ್ತು ತಂದರೆ ಕ್ರಯ ಆಗುವುದಿಲ್ಲ, ಕೇಸು ಆಗುತ್ತದೆ. ತನ್ನ ಸ್ವಂತಕ್ಕೆಂದು ಇಟ್ಟುಕೊಂಡ ಕೋವಿಯನ್ನು ಮಾರುವವರು, ಕೊಳ್ಳುವವರ ಹೆಸರು, ವಿಳಾಸ ತಿಳಿಸಿ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಆ ನಂತರ 45 ದಿನ ಕಳೆಯಬೇಕು. ಅಲ್ಲಿಯವರೆಗೆ ರಸೀದಿ ಪಡೆದು ಸಣ್ಣ ಮುಂಗಡ ಕೊಟ್ಟರೆ ಸಾಕು, ಬಾಕಿಯನ್ನು ಕೋವಿಯ ನಂಬರು ನಿಮ್ಮ ಲೈಸೆನ್ಸಿನಲ್ಲಿ ದಾಖಲಾದ ದಿನ ಕೊಡಿ. ಚನ್ನಗಿರಿ, ಹೊನ್ನಾಳಿ, ಜಗಳೂರು, 2018ರಲ್ಲಿ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ಎಲ್ಲವೂ ದಾವಣಗೆರೆಯ ಜಿಲ್ಲಾಧಿಕಾರಿಗಳ ವ್ಯಾಪ್ತಿಯಲ್ಲೇ ಇರುವುದರಿಂದ ನಮ್ಮೊಳಗಿನ ವ್ಯವಹಾರ ಅಷ್ಟರ ಮಟ್ಟಿಗೆ ಹಗುರ. ಕಾಫಿ ಸೀಮೆಯ ನೆಂಟರು "ಕೊಡಗಿನಲ್ಲಿ ಲೈಸೆನ್ಸೇ ಬೇಡ" ಎಂದು ಹೇಳುವುದನ್ನು ಕೇಳಿರಬಹುದು. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವುದು. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ನಮ್ಮ ತಾಲ್ಲೂಕಿನವರಿಗೆ ಅದು ಅನ್ವಯಿಸದು.

ಕೊಂಡ ಕೋವಿಯಿಂದ ಏನು ಮಾಡಬಹುದು ಎಂಬುದನ್ನೂ ಬೆಲೆ ಕಟ್ಟುವಾಗ ಯೋಚಿಸಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಬಂದ ತಿದ್ದುಪಡಿಯ ಮೇಲೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ತಿನ್ನುವ ಹಂದಿಯನ್ನು ಕೊಲ್ಲಬೇಕಾದರೂ 11ನೆಯ ಕಲಮಿನಂತೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು. ಜಗಳೂರಿನ ರಂಗಯ್ಯನದುರ್ಗದ ಸುತ್ತಲಿನವರು ಇನ್ನೂ ಎಚ್ಚರದಿಂದಿರಬೇಕು. ಅದು 2011ರಿಂದ ಕೊಂಡುಕುರಿಯ ವನ್ಯಧಾಮ, ಕೊಂಡುಕುರಿ ಮೊದಲನೆಯ ಅನುಸೂಚಿಯ ಪ್ರಾಣಿ, ಕತ್ತಲಲ್ಲಿ ಹೊಲದ ಬದುವಿನಲ್ಲಿ ಓಡುವುದು ಹಂದಿಯೋ ಕುರಿಯೋ ಎಂದು ಹೇಳುವುದು ಕಷ್ಟ. ದಿನನಿತ್ಯದಲ್ಲಿ ಕೋವಿಯ ಉಪಯೋಗ ಬೆದರು ಈಡಿಗೆ ಮಾತ್ರ ಎಂದಿಟ್ಟುಕೊಂಡರೆ, ಅದಕ್ಕೆ ಎಷ್ಟು ಹಣ ಹಾಕಬಹುದು, ತಂತಿಬೇಲಿಗೆ ಎಷ್ಟು ಹಾಕಬಹುದು ಎಂದು ಮನೆಯಲ್ಲಿ ಕುಳಿತು ಲೆಕ್ಕ ಹಾಕಬಹುದು.

ನ್ಯಾಮತಿಯ ಸದಸ್ಯರ ಜೊತೆ ಹೋಗಿ ಅವರು ನೋಡಿಟ್ಟಿದ್ದ ಕೋವಿಯನ್ನು ನಾವೂ ನೋಡಿದೆವು. ಹೊರಗೆ ಬಹಳ ಲಕ್ಷಣವಾಗಿತ್ತು. ಬಟ್ಟೆ ಸುತ್ತಿದ ಗಜ ಬುಡದಲ್ಲಿ ಎರಡು ಸಲ ಸಿಕ್ಕಿಕೊಂಡಿತು, ಮೂರನೆಯ ಸಲ ಚಕ್ಕೆ ಬಂತು. "ಅಣ್ಣಾ, ಇದನ್ನು ಗೋಡೆಗೆ ಹಾಕಿಕೊಂಡು ಆಯುಧಪೂಜೆಗೆ ಇಳಿಸಿಕೊಳ್ಳಿ, ಮಾರಬೇಡಿ" ಎಂದು ಹೇಳಿ ಬಂದೆವು. ಮಾಲೀಕರಿಗೆ ಬೇಸರವಾಯಿತು, ಚಹಾ ಮಾತ್ರ ಕೊಟ್ಟೇ ಕಳಿಸಿದರು.

ಜಗಳೂರಿನ ತಾಯಿಯ ವಿಚಾರ ಹೆಚ್ಚು ಅವಸರದ್ದು. ಠೇವಣಿ ಇಟ್ಟ ಕೋವಿಯನ್ನು ನಿಗದಿತ ಅವಧಿಯೊಳಗೆ ವಾರಸುದಾರರು ಅರ್ಹರಾದವರಿಗೆ ಮಾರಿ ಹಣ ಪಡೆಯಬಹುದು, 21ನೆಯ ಕಲಮು ಆ ಹಕ್ಕು ಕೊಡುತ್ತದೆ. ಅವಧಿ ಮೀರಿದರೆ ಸರಕಾರಕ್ಕೆ ಮುಟ್ಟುಗೋಲು. ಗುಜರಿ ಬೆಲೆ ಹೇಳಿದವನಿಗೆ ಈ ಅವಧಿಯ ವಿಷಯ ಚೆನ್ನಾಗಿ ಗೊತ್ತಿತ್ತೆಂದು ನಮಗೆ ಅನಿಸಿತು. ಠೇವಣಿ ಇಟ್ಟಲ್ಲಿಯೇ, ಅಲ್ಲಿಯವರ ಎದುರಿನಲ್ಲಿ ಕೋವಿಯನ್ನು ನೋಡಿದೆವು. ಯಜಮಾನರು ಬಟ್ಟೆಗೆ ಎಣ್ಣೆ ಹಚ್ಚಿ ಬಾಯಿಗೆ ತುರುಕಿ ಇಟ್ಟಿದ್ದರಂತೆ, ಅದು ಹಾಗೆಯೇ ಇತ್ತು. ಬುಡ ಶುಭ್ರ, ಅರ್ಧ ಕುದುರೆ ಗಟ್ಟಿ, ನಂಬರು ಸ್ಪಷ್ಟ. ಕುತ್ತಿಗೆಯಲ್ಲಿ ಒಂದು ಸಣ್ಣ ಸೀಳು, ತೊಟ್ಟು ಬದಲಿಸಬೇಕು. ನಮ್ಮ ಲೆಕ್ಕದಲ್ಲಿ ಐವತ್ತೆಂಟು ಬಂತು. ನ್ಯಾಮತಿಯವರು ಅರವತ್ತಕ್ಕೆ ಒಪ್ಪಿದ್ದಾರೆ. ಮುಂಗಡಕ್ಕೆ ರಸೀದಿ ಆಗಿದೆ, ಕಚೇರಿಗೆ ಪತ್ರ ಹೋಗಿದೆ, ಇದನ್ನು ಬರೆಯುವ ಹೊತ್ತಿಗೆ 45 ದಿನಗಳಲ್ಲಿ ಹನ್ನೊಂದು ಕಳೆದಿವೆ.